ಪದಚರ್ಚೆ: ಬ್ರೌಸರಿನ ‘ಸ್ಟೇಲ್’ಗೆ ‘ತಂಗಳು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಸಾಗರದ ಕಡೆಯ ಒಂದು ಅಡಿಕೆ ಮಂಡಿಗೆ ನಾನು ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ದೊಡ್ಡದೇನಲ್ಲ. ರಾಶಿ, ಚಾಲಿ, ಬಿಳಿಗೋಟು, ಸಿಪ್ಪೆಗೋಟು ಇವುಗಳ ಆ ದಿನದ ದರ, ಮಂಡಿಯ ಫೋನ್ ನಂಬರು, ಅಷ್ಟೇ. ಹೋದ ತಿಂಗಳು ಯಜಮಾನರು ಫೋನ್ ಮಾಡಿದರು. ದರ ಬದಲಾಯಿಸಿ ಎರಡು ದಿನ ಆಯ್ತಂತೆ, ಅವರ ಮೊಬೈಲಿನಲ್ಲಿ ಮಾತ್ರ ಇನ್ನೂ ಸೋಮವಾರದ್ದೇ ಕಾಣ್ತಿದೆಯಂತೆ. ನಾನು ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದೆ: ‘ಒಂದ್ಸಲ ಕ್ಯಾಶ್ ಕ್ಲಿಯರ್ ಮಾಡಿ ಯಜಮಾನ್ರೇ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ದೀಪಾವಳಿಗೇ ಕ್ಲಿಯರ್ ಮಾಡಿದ್ನಲ್ಲ ಮಾರಾಯ. ಇನ್ನೂ ಬಾಕಿ ಇದ್ಯಾ ನಿಂದು?’

ಅವರದ್ದೇನೂ ತಪ್ಪಿಲ್ಲ. ನಾನು ಹೇಳಿದ್ದು, ಒಮ್ಮೆ ತಂದ ಫೈಲುಗಳ ಪ್ರತಿಯನ್ನು ಮತ್ತೆ ಬೇಕಾದೀತು ಅಂತ ಬ್ರೌಸರು ಫೋನಿನಲ್ಲೇ ಎತ್ತಿಟ್ಟುಕೊಳ್ಳುವ ಜಾಗದ ಬಗ್ಗೆ. ಮಂಡಿಯಲ್ಲಿ ಕೂತವರಿಗೆ ಕ್ಯಾಶ್ ಅಂದರೆ ಒಂದೇ ಅರ್ಥ, ದುಡ್ಡು. ಇಂಗ್ಲಿಷಿನಲ್ಲಿ ದುಡ್ಡಿನದು, ಬ್ರೌಸರಿನದು ಎರಡರ ಸ್ಪೆಲಿಂಗ್ ಬೇರೆ ಇರುವುದರಿಂದ ಓದುವವರು ಬಚಾವ್. ಕನ್ನಡ ಲಿಪಿಗೆ ಬಂದ ಕೂಡಲೇ ಎರಡೂ ಒಂದೇ. ಒಂದಕ್ಕೆ ‘ಕ್ಯಾಶ್’, ಇನ್ನೊಂದಕ್ಕೆ ‘ಕ್ಯಾಷ್’ ಅಂತ ಬರೆದು ನೋಡಿದೆ. ಶಕಾರ ಷಕಾರದ ವ್ಯತ್ಯಾಸ ಫೋನಿನಲ್ಲಿ ಕೇಳಿಸುತ್ತಾ? ನನ್ನ ಜೊತೆ ಕೆಲಸ ಮಾಡುವ ಇಬ್ಬರು ಅದನ್ನು ‘ಕ್ಯಾಚೆ’ ಅನ್ನುತ್ತಾರೆ, ಒಬ್ಬ ‘ಕ್ಯಾಚ್’ ಅನ್ನುತ್ತಾನೆ. ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಟ್ರೈ’ ಜೊತೆಗೆ ಬರುವ ‘ಕ್ಯಾಚ್’ ಬೇರೆಯೇ ಇದೆ ಅಂತ ಅವನಿಗೆ ಹೇಳಿ ಹೇಳಿ ನಾನೇ ಸುಮ್ಮನಾದೆ.

ಈಗ ಆ ಸೈಟಿಗೆ ಕನ್ನಡದಲ್ಲಿ ಒಂದು ಸಹಾಯ ಪುಟ ಬರೆಯುತ್ತಿದ್ದೇನೆ. ಅಲ್ಲಿ ಏನು ಬರೆಯಲಿ ಅನ್ನುವುದೇ ನನ್ನ ಪ್ರಶ್ನೆ.

‘ಸಂಗ್ರಹ’ ಅನ್ನಬಹುದಲ್ಲ ಅಂತ ನೀವು ಕೇಳುತ್ತೀರಿ, ಗೊತ್ತು. ಅದು ಬೇಡ ಅನ್ನುವುದಕ್ಕೆ ನನ್ನ ಹತ್ತಿರ ಗಟ್ಟಿ ಕಾರಣ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಯಾವುದಾದರೂ ಆ್ಯಪಿನ ವಿವರ ತೆಗೆದು ನೋಡಿ. ಒಂದೇ ಪರದೆಯಲ್ಲಿ ‘ಸ್ಟೋರೇಜ್’ ಅಳಿಸುವ ಬಟನ್ ಇದೆ, ‘ಕ್ಯಾಶ್’ ಅಳಿಸುವ ಬಟನ್ನೂ ಇದೆ. ಎರಡನೆಯದು ಒತ್ತಿದರೆ ಏನೂ ಹಾಳಾಗುವುದಿಲ್ಲ, ಬೇಕಾದ್ದನ್ನು ಆ್ಯಪು ಮತ್ತೆ ತರಿಸಿಕೊಳ್ಳುತ್ತೆ. ಮೊದಲನೆಯದು ಒತ್ತಿದರೆ ಆ ಆ್ಯಪು ಫೋನಿನಲ್ಲಿ ಇಟ್ಟುಕೊಂಡದ್ದೆಲ್ಲ ಹೋಯ್ತು, ಲಾಗಿನ್ ಸಮೇತ. ‘ಸಂಗ್ರಹ ಅಳಿಸಿ’ ಅಂತ ಬರೆದರೆ ಜನ ಯಾವುದನ್ನು ಒತ್ತುತ್ತಾರೆ? ಇಲ್ಲಿ ಪದ ತಪ್ಪಾದರೆ ಬರೀ ವ್ಯಾಕರಣ ಕೆಡುವುದಿಲ್ಲ.

ಮೂಲ ಹುಡುಕಿಕೊಂಡು ಹೋದರೆ ಫ್ರೆಂಚ್ ಸಿಗುತ್ತೆ. ಅಲ್ಲಿ ಅಡಗಿಸು, ಬಚ್ಚಿಡು ಅನ್ನುವ ಕ್ರಿಯಾಪದದಿಂದ ಇದು ಬಂದಿದೆ. ಕಂಪ್ಯೂಟರಿಗೆ ಬಂದದ್ದು ತೀರಾ ಈಚೆಗೆ. 1965ರಲ್ಲಿ ಕೇಂಬ್ರಿಡ್ಜಿನ ಮಾರಿಸ್ ವಿಲ್ಕ್ಸ್ ಇಂಥದ್ದನ್ನು ‘ಸ್ಲೇವ್ ಮೆಮೊರಿ’ ಅಂದರು. ಐಬಿಎಂನವರು 1968ರಲ್ಲಿ ತಮ್ಮ ಸಿಸ್ಟಮ್ 360 ಮಾಡೆಲ್ 85 ಯಂತ್ರದ ಬಗ್ಗೆ ಬರೆಯುವಾಗ ‘ಕ್ಯಾಶ್’ ಅಂದರು. ಅದೇ ನಿಂತಿತು. ಹಾಗಂತ ನಾವು ‘ಅಡಗುತಾಣ’ ಅಂದರೆ, ಮೊಬೈಲಿನೊಳಗೆ ಯಾರೋ ಕಳ್ಳ ಕೂತಿದ್ದಾನೆ ಅಂತ ಯಜಮಾನರು ಇನ್ನೊಂದು ಫೋನ್ ಮಾಡುತ್ತಾರೆ.

ನನ್ನದೊಂದು ತಪ್ಪು ಇಲ್ಲಿ ಒಪ್ಪಿಕೊಳ್ಳಬೇಕು, ಯಾಕೆಂದರೆ ಪದ ಹೊಳೆದದ್ದು ಅದರಿಂದಲೇ. ಬ್ರೌಸರು ಒಂದು ಫೈಲನ್ನು ಎಷ್ಟು ಹೊತ್ತು ಕೇಳದೆ ಬಳಸಬಹುದು ಅಂತ ಸರ್ವರು, ಅಂದರೆ ಸೈಟು ಇರುವ ಕಂಪ್ಯೂಟರು, ಹೇಳಿ ಕಳಿಸುತ್ತೆ. ಅದಕ್ಕೆ ‘ಮ್ಯಾಕ್ಸ್-ಏಜ್’ ಅಂತಾರೆ, ಲೆಕ್ಕ ಸೆಕೆಂಡುಗಳಲ್ಲಿ. ಲೋಗೋ, ಬಣ್ಣ, ಅಕ್ಷರ ಇಂಥ ಬದಲಾಗದ ಫೈಲುಗಳಿಗೆ 3,15,36,000 ಅಂತ ಕೊಡುವುದು ರೂಢಿ, ಅಂದರೆ 365 ದಿನ. ನಾನು ಅವಸರದಲ್ಲಿ ದರಪಟ್ಟಿಯ ಫೈಲಿಗೂ ಅದೇ ಕೊಟ್ಟಿದ್ದೆ! ದಿನಾ ಬದಲಾಗುವ ಅಡಿಕೆ ದರವನ್ನು ಒಂದು ವರ್ಷ ಹಾಗೇ ಇಟ್ಟುಕೋ ಅಂತ ನಾನೇ ಹೇಳಿದ ಹಾಗಾಯಿತು. ಯಜಮಾನರು ಪುಟ ರೀಲೋಡ್ ಮಾಡಿದ್ದರೂ ಪ್ರಯೋಜನ ಆಗಿರಲಿಲ್ಲ. ಕ್ರೋಮ್ ಸುಮ್ನೆ ರೀಲೋಡ್ ಮಾಡಿದಾಗ ಮುಖ್ಯ ಪುಟವನ್ನಷ್ಟೇ ಮತ್ತೆ ಕೇಳುತ್ತೆ, ಒಳಗಿನ ಫೈಲುಗಳ ವಾಯಿದೆ ಮುಗಿದಿಲ್ಲದಿದ್ದರೆ ತನ್ನ ಹತ್ತಿರ ಇದ್ದದ್ದನ್ನೇ ಬಡಿಸುತ್ತೆ. ಮೊದಲು ಎತ್ತಿಟ್ಟದ್ದನ್ನು ಬಳಸದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆಗೆಯಲು ಹೇಳಿದೆ, ಹೊಸ ದರ ಬಂತು. ಅಲ್ಲಿಗೆ ರೋಗ ಯಾವುದು ಅಂತ ಖಾತ್ರಿ. ಸರ್ವರಿನಲ್ಲಿ ವಾಯಿದೆ ಇಳಿಸಿದರೆ ಈಗಾಗಲೇ ಒಯ್ದವರಿಗೆ ಅದು ತಲುಪುವುದಿಲ್ಲ, ಅವರು ವಾಪಸ್ ಕೇಳಲು ಬರುವುದೇ ಇಲ್ಲವಲ್ಲ. ಹಾಗಾಗಿ ಫೈಲಿನ ವಿಳಾಸದ ಕೊನೆಗೆ ಒಂದು ಪ್ರಶ್ನೆಚಿಹ್ನೆ ಹಾಕಿ ‘ವಿ=2’ ಅಂತ ಸೇರಿಸಿದೆ. ವಿಳಾಸ ಬೇರೆ ಆಯಿತು, ಬ್ರೌಸರು ಹೊಸದಾಗಿ ತಂದಿತು.

ಇದೆಲ್ಲ ಮುಗಿಸಿ ಅಡುಗೆಮನೆಗೆ ಹೋದರೆ ಅಮ್ಮ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದರು. ‘ತಂಗಳು, ಆದ್ರೆ ಹಳಸಿಲ್ಲ. ಚಿತ್ರಾನ್ನ ಮಾಡ್ಲಾ?’

ನಾನು ಅಲ್ಲೇ ನಿಂತೆ. ವೆಬ್‌ನ ನಿಯಮಗಳಲ್ಲಿ ಇಟ್ಟುಕೊಂಡ ಪ್ರತಿಗೆ ‘ಫ್ರೆಶ್’, ‘ಸ್ಟೇಲ್’ ಅಂತ ಎರಡು ಸ್ಥಿತಿ ಹೇಳಿದ್ದಾರೆ. 2022ರಲ್ಲಿ ಬಂದ ಆರ್‌ಎಫ್‌ಸಿ 9111 ಅನ್ನುವ ನಿಯಮಗಳ ದಾಖಲೆಯಲ್ಲೂ ಇವೇ ಪದ. ಸ್ಟೇಲ್ ಅಂದರೆ ಕೆಟ್ಟದ್ದು ಅಂತಲ್ಲ. ಅದರ ವಾಯಿದೆ ಮುಗಿದಿದೆ, ಕೇಳಿ ಬಳಸು ಅಂತ ಅರ್ಥ. ಬ್ರೌಸರು ಹೋಗಿ ಕೇಳುತ್ತೆ, ‘ನನ್ನ ಹತ್ರ ಇರೋದು ಇದು, ಬದಲಾಗಿದ್ಯಾ?’ ಇಲ್ಲ ಅಂತಾದರೆ ಸರ್ವರು 304 ಅನ್ನುವ ಉತ್ತರ ಕೊಟ್ಟು, ಫೈಲು ಕಳಿಸದೆ ಸುಮ್ಮನಾಗುತ್ತೆ. ಹಳೆಯದೇ ನಡೆಯುತ್ತೆ. ಇಂಗ್ಲಿಷಿನ ಆ ಒಂದು ಪದದಲ್ಲಿ ನಿನ್ನೆಯದು, ಕೆಟ್ಟದ್ದು ಎರಡೂ ಕಲಸಿಹೋಗಿವೆ, ಅದಕ್ಕೇ ಹೊಸ ಪ್ರೋಗ್ರಾಮರುಗಳು ಗಾಬರಿಯಾಗುತ್ತಾರೆ. ನಮ್ಮಲ್ಲಿ ತಂಗಳು ಬೇರೆ, ಹಳಸಿದ್ದು ಬೇರೆ. ತಂಗಳನ್ನ ತಿನ್ನಬಹುದು, ಹಳಸಿದ್ದನ್ನು ಚೆಲ್ಲಬೇಕು. ಮಕ್ಕಳಿಗೂ ಗೊತ್ತು.

ಇನ್ನೂ ಒಂದಿದೆ. ‘ಸ್ಟೇಲ್-ವೈಲ್-ರೀವ್ಯಾಲಿಡೇಟ್’ ಅಂತ ಸರ್ವರು ಕೊಡುವ ಒಂದು ಸೂಚನೆ, 2010ರ ಆರ್‌ಎಫ್‌ಸಿ 5861ರದ್ದು. ಇದನ್ನು ಕನ್ನಡದಲ್ಲಿ ವಿವರಿಸಲು ನಾನು ಹಿಂದೆ ಅರ್ಧ ಪುಟ ಬರೆದಿದ್ದೆ. ಈಗ ಒಂದೇ ಸಾಲು ಸಾಕು: ಬಿಸಿ ಅನ್ನ ಆಗೋವರೆಗೆ ತಂಗಳು ಬಡಿಸು.

ಸರ್ವರು ಕೊಡುವ ‘ನೋ-ಕ್ಯಾಶ್’, ‘ನೋ-ಸ್ಟೋರ್’ ಅನ್ನುವ ಸೂಚನೆಗಳೂ ಹೀಗೇ ಗೊಂದಲದವು. ಮೊದಲನೆಯದನ್ನು ಎಲ್ಲರೂ ‘ಇಟ್ಟುಕೊಳ್ಳಬೇಡ’ ಅಂತ ಅನುವಾದಿಸುತ್ತಾರೆ, ಅದು ತಪ್ಪು. ಇಟ್ಟುಕೋ, ಆದರೆ ಪ್ರತಿ ಸಲ ಕೇಳಿಯೇ ಬಡಿಸು ಅನ್ನುವುದು ಅದರ ಅರ್ಥ. ‘ನೋ-ಸ್ಟೋರ್’ ಅಂದರೆ ಮಾತ್ರ ಎತ್ತಿಡಲೇ ಬೇಡ.

‘ರೀವ್ಯಾಲಿಡೇಟ್’ಗೆ, ಅಂದರೆ ಇದ್ದದ್ದು ಈಗಲೂ ನಡೆಯುತ್ತಾ ಅಂತ ಸರ್ವರನ್ನು ಕೇಳುವುದಕ್ಕೆ, ‘ಮೂಸಿ ನೋಡು’ ಅನ್ನುವ ಆಸೆ ಬಂತು, ತಡೆದುಕೊಂಡೆ. ಅಮ್ಮ ಮೂಸುವುದು ತನ್ನ ಮೂಗಿನಲ್ಲೇ. ಬ್ರೌಸರು ಬೇರೆಯವರನ್ನು ಕೇಳಬೇಕು. ಜೊತೆಗೆ, ಫೈಲು ಯಾವ ಬಗೆಯದು ಅಂತ ಬ್ರೌಸರು ಊಹಿಸುವುದಕ್ಕೆ ‘ಸ್ನಿಫಿಂಗ್’ ಅನ್ನುವ ಹೆಸರು ಆಗಲೇ ಇದೆ. ಸದ್ಯಕ್ಕೆ ‘ವಿಚಾರಿಸು’ ಅಂತ ಇಟ್ಟಿದ್ದೇನೆ.

ಈಗ ನಿಮ್ಮ ಸಹಾಯ ಬೇಕಾದ ಜಾಗಗಳು.

ತಂಗಳು ಅನ್ನುವ ಪದಕ್ಕೆ ಬರೀ ಹೊತ್ತಿನ ಅರ್ಥ ಅಲ್ಲ, ಇನ್ನೊಂದು ನೆರಳೂ ಇದೆ. ಮನೆಯವರಿಗೆ ಬಿಸಿ, ಕೆಲಸದವರಿಗೆ ತಂಗಳು ಅನ್ನುತ್ತಿದ್ದ ಮನೆಗಳು ನಮ್ಮ ಊರುಗಳಲ್ಲಿ ಇದ್ದವು. ಅದನ್ನು ಉಂಡವರ ಮಕ್ಕಳೇ ಈಗ ಮಂಡಿಗೆ ಅಡಿಕೆ ತರುತ್ತಾರೆ, ಮೊಬೈಲಿನಲ್ಲಿ ದರ ನೋಡುತ್ತಾರೆ. ‘ನಿಮ್ಮ ಫೋನಿನಲ್ಲಿ ತಂಗಳು ದರ ಇದೆ’ ಅಂದರೆ ಅವರಿಗೆ ಹೇಗೆ ಕೇಳಿಸುತ್ತೆ? ‘ತಂಗಳು ಸುದ್ದಿ’ ಅನ್ನುವಾಗ ಆ ನೆರಳು ಇಲ್ಲ ಅಂತ ನನಗೆ ಅನಿಸುತ್ತೆ. ಆದರೆ ನನಗೆ ಅನಿಸಿದರೆ ಸಾಲದು, ಅಲ್ವಾ?

ಎರಡನೆಯದು, ತಂಗು ಅಂದರೆ ಉಳಿ, ರಾತ್ರಿ ಉಳಿದದ್ದು ತಂಗಳು ಅಂತ ನಾನು ತಿಳಿದಿದ್ದೆ. ತಣ್ಣನೆಯ ಕೂಳು ಅಂದರೆ ‘ತಣ್’ ಮತ್ತು ‘ಕೂೞ್’ ಸೇರಿ ಆದದ್ದು ಅನ್ನುವ ಮಾತೂ ಇದೆ. ಹಳಗನ್ನಡ ಬಲ್ಲವರು ಯಾವ ಕಡೆ? ಮೊದಲನೆಯದಾದರೆ ನನ್ನ ಕೆಲಸಕ್ಕೆ ಇನ್ನೂ ಚೆನ್ನ, ಏಕೆಂದರೆ ಫೈಲು ಮಾಡುವುದೂ ಅದನ್ನೇ, ಬಂದು ತಂಗುತ್ತೆ.

ಕೊನೆಯದಾಗಿ, ಒಳಗೆ ಇರುವ ವಸ್ತುವಿಗೆ ‘ನಕಲು’ ಅನ್ನಲಾ? ಪಹಣಿ ನಕಲು ತೆಗೆಸಿ ಬೀರುವಿನಲ್ಲಿಟ್ಟರೆ, ತಾಲ್ಲೂಕು ಕಚೇರಿಯಲ್ಲಿ ದಾಖಲೆ ಬದಲಾದರೂ ಬೀರುವಿನದು ಬದಲಾಗುವುದಿಲ್ಲ ಅಂತ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪರೀಕ್ಷೆಯ ನಕಲು, ನಕಲಿ ನೋಟು ನೆನಪಾಗಿ ‘ನನ್ನ ಫೋನಿನಲ್ಲಿ ನಕಲಿ ದರ ಬರ್ತಿದ್ಯಾ?’ ಅಂತ ಯಾರಾದರೂ ಕೇಳಿದರೆ ಮಂಡಿಯ ಹೆಸರಿಗೇ ಕುತ್ತು. ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ನಿಮ್ಮಲ್ಲಿ ಏನಂತೀರಿ ಹೇಳಿ.

ಸದ್ಯಕ್ಕೆ ಸಹಾಯ ಪುಟದಲ್ಲಿ ಇರುವ ಸಾಲು ಇದು: ‘ದರ ಹಳೆಯದು ಅನಿಸಿದರೆ, ಫೋನಿನಲ್ಲಿ ಉಳಿದಿರುವ ಹಳೆ ಪ್ರತಿಯನ್ನು ಅಳಿಸಿ, ಪುಟವನ್ನು ಮತ್ತೆ ತೆರೆಯಿರಿ.’ ಕ್ಯಾಶ್ ಅನ್ನುವ ಪದವೇ ಇಲ್ಲ. ಯಜಮಾನರಿಗೆ ಓದಿ ಹೇಳಿದೆ. ‘ಇದು ಸರಿ ಇದೆ’ ಅಂದವರು, ‘ಅಂದ್ರೆ ನಿಂದು ಬಾಕಿ ಏನೂ ಇಲ್ಲ ತಾನೇ?’ ಅಂತ ಮತ್ತೊಮ್ಮೆ ಕೇಳಿಕೊಂಡರು.