‘ದೇವರ ಭರವಸೆ’ ಅಂದ್ರ ಯಾರು ಯಾರಿಗೆ ಕೊಟ್ಟದ್ದು?

ಪ್ರಶ್ನೆ: ಅನುವಾದವೊಂದರಲ್ಲಿ ‘ದೇವರ ಭರವಸೆಯಲ್ಲಿ ಭರವಸೆ ಇಡಿ’ ಎಂದಿದೆ. ದೇವರು ಕೊಟ್ಟ ಮಾತು ತಪ್ಪಲಾರ ಎಂದು ನಂಬುವುದು ಎಂಬ ಅರ್ಥ ಇದರಿಂದ ಬರುತ್ತದೇನ್ರಿ? ‘ದೇವರ ಹರಕೆ’ ಅನ್ನಬಹುದೇ?

ಉತ್ತರ: ವ್ಯಾಕರಣ ಕೆಟ್ಟಿಲ್ಲ, ಕೇಳುವವರ ಕಿವಿಯಲ್ಲಿ ಕೆಡುತ್ತದೆ. ‘ಭರವಸೆ ಕೊಟ್ಟ’ ಅಂದರೆ ಮಾತು ಕೊಟ್ಟ. ‘ಭರವಸೆ ಇಟ್ಟ’ ಅಂದರೆ ನಂಬಿದ. ದಿಕ್ಕು ತೋರಿಸುವುದು ಕ್ರಿಯಾಪದ. ಅದನ್ನು ಬಿಟ್ಟು ‘ದೇವರ ಭರವಸೆ’ ಎಂದಷ್ಟೇ ಬರೆದರೆ ಕೊಟ್ಟದ್ದೋ ಇಟ್ಟದ್ದೋ ತಿಳಿಯದು. ಮರಾಠಿಯ ಭರವಸಾ, ಭರೋಸಾ ಕಿವಿಗೆ ಬೀಳುತ್ತಲೇ ಇರುವ ಬೆಳಗಾವಿ, ಅಥಣಿ, ನಿಪ್ಪಾಣಿ ಕಡೆ ಇಟ್ಟದ್ದೆಂದೇ ಕೇಳಿಸುತ್ತದೆ. ‘ದೇವರ ಭರೋಸಾದ ಮ್ಯಾಲ ಬಿತ್ತೀನಿ’ ಅನ್ನುವವನಿಗೆ ಮಳೆ ತರಿಸುತ್ತೇನೆಂದು ದೇವರೇನೂ ಮಾತು ಕೊಟ್ಟಿರುವುದಿಲ್ಲ.

ಹರಕೆ ಬೇಡ. ಹಳಗನ್ನಡದ ‘ಪರಕೆ’ಗೆ ಆಶೀರ್ವಾದವೆಂಬ ಅರ್ಥವಿತ್ತು, ‘ಹರಸು’ವಿನಲ್ಲಿ ಅದು ಉಳಿದಿದೆ. ಆದರೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು ಹರಕಿ ಹೊರುತ್ತಾರೆ, ಹರಕಿ ಮುಟ್ಟಿಸುತ್ತಾರೆ. ಅಲ್ಲಿ ಮಾತು ಕೊಡುವವನು ಭಕ್ತ. ತಪ್ಪಿದರೆ ತಪ್ಪೂ ಅವನದೇ.

‘ವಾಗ್ದಾನ’ ಕನ್ನಡ ಬೈಬಲ್ ಓದುವವರಿಗೆ ನಿಖರ. ಹೊರಗಿನವರಿಗೆ ಮದುವೆಯ ಶಾಸ್ತ್ರ, ಹೆಣ್ಣು ಕೊಡುವ ಮಾತು ನೆನಪಾಗಬಹುದು. ‘ಆಶ್ವಾಸನೆ’ಯನ್ನು ಚುನಾವಣೆಗಳು ಕೆಡಿಸಿಬಿಟ್ಟಿವೆ, ಬಿಡಿ.

ಉಳಿಯುವುದು ಬರೀ ‘ಮಾತು’. ಕೊಡು, ನಡಸು, ಉಳಿಸಿಕೊ, ತಪ್ಪು ಎಲ್ಲವೂ ಅದಕ್ಕೆ ಹೊಂದುತ್ತವೆ. ಹೀಬ್ರೂ ಬೈಬಲ್ಲಿನಲ್ಲೂ ವಾಗ್ದಾನಕ್ಕೆಂದೇ ಮೀಸಲಾದ ನಾಮಪದವಿಲ್ಲ. ಮಾತು ಎಂಬರ್ಥದ ‘ದಾಬಾರ್’ ಅಥವಾ ‘ಹೇಳಿದನು’ ಎಂಬ ಕ್ರಿಯಾಪದವೇ ಆ ಕೆಲಸ ಮಾಡುತ್ತದೆ.

ಇನ್ನು ನಂಬುವ ಕಡೆ. ‘ದೇವರಿದ್ದಾನೆಂದು ನಂಬು’ ಬೇರೆ, ‘ದೇವರನ್ನು ನಂಬು’ ಬೇರೆ. ನಿಮಗೆ ಬೇಕಾದದ್ದು ಎರಡನೆಯದು. ನಿನ್ನಿಂದ ದೊಡ್ಡ ಜನಾಂಗ ಹುಟ್ಟುತ್ತದೆಂದು ದೇವರು ಕೊಟ್ಟ ಮಾತು ನಂಬಿ ಬೈಬಲ್ಲಿನ ಅಬ್ರಹಾಮ ಹಾರಾನ್ ಎಂಬ ಊರು ಬಿಟ್ಟದ್ದು 75ನೇ ವಯಸ್ಸಿನಲ್ಲಿ, ಮಗ ಇಸಾಕ ಹುಟ್ಟಿದಾಗ ಅವನಿಗೆ 100. ನಡುವಿನ 25 ವರ್ಷ ಅವನ ಕೈಯಲ್ಲಿದ್ದದ್ದು ಮಾತೊಂದೇ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 15:6ರಲ್ಲಿ ಅವನು ನಂಬಿದನೆಂದು ಹೇಳುವ ಹೀಬ್ರೂ ಕ್ರಿಯಾಪದದ ಧಾತುವೇ ಪ್ರಾರ್ಥನೆಯ ಕೊನೆಗೆ ಹೇಳುವ ‘ಆಮೆನ್’ನದೂ, ಗಟ್ಟಿಯಾಗಿರು ಎಂಬುದು ಅದರ ಒಳಗಿನ ಅರ್ಥ. ಇದಕ್ಕೆ ನನ್ನ ಆಯ್ಕೆ ‘ನೆಚ್ಚು’. ಬಸವಣ್ಣನವರು ‘ನಂಬರು ನಚ್ಚರು’ ಎಂದು ಎರಡನ್ನೂ ಜೋಡಿಸಿ ಹೇಳಿದ್ದಾರೆ. ‘ನೆಚ್ಚಿನ ನಟ’ದಲ್ಲಿ ಆ ಪದ ಸವಕಲಾಗಿದೆ, ನಿಜ, ‘ಮಳೆ ನೆಚ್ಚಿಕೊಂಡ ಬೇಸಾಯ’ದಲ್ಲಿ ಇನ್ನೂ ಗಟ್ಟಿಯಿದೆ. ‘ದೇವರ ಮ್ಯಾಲ ಭಾರ ಹಾಕು’ ಚೆಂದದ ಮಾತು, ಆದರೆ ಅದು ಆದದ್ದಾಗಲಿ ಎಂಬತ್ತ ವಾಲುತ್ತದೆ. ಅದಕ್ಕೆ ಕೊಟ್ಟ ಮಾತೇ ಬೇಕಿಲ್ಲ.

ಹಾಗಾಗಿ ಬರಹದಲ್ಲಿ ‘ದೇವರು ಕೊಟ್ಟ ಮಾತನ್ನು ನೆಚ್ಚಿಕೊಂಡಿರಿ’. ವಿಜಯಪುರ, ಬಾಗಲಕೋಟೆ ಕಡೆ ಓದಿ ಹೇಳುವುದಾದರೆ ‘ದೇವರು ಮಾತ ಕೊಟ್ಟಾನ, ನಡಸ್ತಾನ, ನಂಬ್ರಿ’.