ಬಾಲ್ಕನಿಯಲ್ಲಿ ಹಕ್ಕಿಗಳಿಗೆ ಕಾಳು, ನೀರು ಇಡುವವರು ಅನುಭವ ಹೇಳಿ

ಹೊಂಗೆಮರದೆದುರು: ಬೆಂಗಳೂರಿನ ಉತ್ತರಹಳ್ಳಿ ಕಡೆ ಮೂರನೇ ಮಹಡಿಗೆ ಬಂದು ಎರಡು ತಿಂಗಳಾಯಿತು. ಬಾಲ್ಕನಿ ಪೂರ್ವಕ್ಕಿದೆ, ಎದುರಿಗೆ ದೊಡ್ಡ ಹೊಂಗೆ ಮರ. ಹಕ್ಕಿಗಳಿಗೆ ಕಾಳು, ನೀರು ಇಡೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ಓನರ್ ನಮ್ಮ ಕೆಳಗೇ ಇದ್ದಾರೆ, ಸ್ವಲ್ಪ ಸ್ಟ್ರಿಕ್ಟ್. ಏನಿಡಬೇಕು, ಎಲ್ಲಿಡಬೇಕು?

ಹತ್ತನೇ ಮಹಡಿ: ಕಾಳು ಇಡಲೇಬೇಡಿ. ನಮ್ಮಮ್ಮ ದಿನಾ ಬೆಳಿಗ್ಗೆ ಒಂದು ಹಿಡಿ ಅಕ್ಕಿ ಹಾಕುತ್ತಿದ್ದರು. ಮೊದಲು ಎರಡು ಪಾರಿವಾಳ ಬಂದವು, ಆರು ತಿಂಗಳಲ್ಲಿ ಮೂವತ್ತಾದವು, ಎಸಿ ಡಬ್ಬದ ಹಿಂದೆ ಗೂಡು ಕಟ್ಟಿದವು. ಆ ಹಿಕ್ಕೆಯನ್ನು ಅಮ್ಮನೇ ಒಣ ಪೊರಕೆಯಲ್ಲಿ ಗುಡಿಸುತ್ತಿದ್ದರು. ಒಣ ಕೆಮ್ಮು ಶುರುವಾಯಿತು. ಧೂಳಿನ ಅಲರ್ಜಿ ಅಂತ ಎಂಟು ತಿಂಗಳು ಸಿರಪ್ ಕುಡಿಸಿದೆವು. ಆಮೇಲೆ ಎರಡು ಮೆಟ್ಟಿಲು ಹತ್ತಿದರೂ ಏದುಸಿರು. ಮೂರನೇ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, 'ಮನೆ ಹತ್ತಿರ ಪಾರಿವಾಳ ಇವೆಯಾ?' ಸ್ಕ್ಯಾನಿಗೆ 6,500 ಆಯಿತು. ಹಿಕ್ಕೆ ಮತ್ತು ಗರಿಯ ಧೂಳಿನಿಂದ ಶ್ವಾಸಕೋಶ ಊದಿಕೊಂಡು ಗಟ್ಟಿಯಾಗುವ ಕಾಯಿಲೆ ಅಂದರು. ಸ್ಟೀರಾಯ್ಡ್, ಅದರಿಂದ ಸಕ್ಕರೆ ಏರಿತು, ಅದಕ್ಕೆ ಬೇರೆ ಮಾತ್ರೆ. ಆಮ್ಲಜನಕದ ಮೆಷಿನ್ನಿಗೆ 42,000. ಮೂರು ಕಡೆ ಬಲೆ ಕಟ್ಟಿಸಲು 8,400. ಗಟ್ಟಿಯಾದ ಭಾಗ ಮತ್ತೆ ಮೊದಲಿನಂತೆ ಆಗಲ್ಲ. ಅಮ್ಮ ಈಗ ದೇವರ ಮನೆಗೆ ಹೋಗಲೂ ಗೋಡೆ ಹಿಡಿದು ನಿಂತು ನಿಂತು ಹೋಗುತ್ತಾರೆ.

ಐದು ಕೆಜಿ ಜೋಳ: ನಿಮ್ಮ ತಾಯಿಯವರಿಗೆ ಹೀಗಾಗಿದ್ದು ನಿಜಕ್ಕೂ ಬೇಜಾರು. ಆದರೆ ಎಲ್ಲರಿಗೂ 'ಇಡಲೇಬೇಡಿ' ಅಂದರೆ ಹೇಗೆ? ನಮ್ಮಪ್ಪ ಶುರು ಮಾಡಿದ್ದು, ಅವರು ಹೋಗಿ ನಾಲ್ಕು ವರ್ಷವಾಯಿತು, ಒಂದು ದಿನವೂ ತಪ್ಪಿಸಿಲ್ಲ. ವಾರಕ್ಕೆ ಐದು ಕೆಜಿ ಜೋಳ, ಬೆಳಿಗ್ಗೆ ಆರೂವರೆಗೆ ಟೆರೇಸಿನಲ್ಲಿ. ನಾನು ಲೇಟಾದರೆ ಪಾರಿವಾಳಗಳು ಟ್ಯಾಂಕಿನ ಮೇಲೆ ಸಾಲಾಗಿ ಕೂತು ಬಾಗಿಲನ್ನೇ ನೋಡುತ್ತಿರುತ್ತವೆ. ಅಪ್ಪನ ತಿಥಿಗೆ ಊಟ ಹಾಕುವುದಕ್ಕಿಂತ ನನಗೆ ಇದು ದೊಡ್ಡದು. ಕಳೆದ ವರ್ಷ ಕೆಳಗಿನ ಮನೆಯವರು ಒಣಹಾಕಿದ ಸೀರೆ ಮೇಲೆ ಹಿಕ್ಕೆ ಬಿತ್ತು ಅಂತ ಅಸೋಸಿಯೇಷನ್ನಿಗೆ ಬರೆದರು. ಸೀರೆಗೆ 1,800 ಕೊಟ್ಟೆ. ಟೆರೇಸು ತೊಳೆಸಲು ತಿಂಗಳಿಗೆ 600 ಕೊಡುತ್ತಿದ್ದೇನೆ. ಆದರೂ ಮೀಟಿಂಗಿನಲ್ಲಿ ನನ್ನನ್ನು ಕಳ್ಳನ ಹಾಗೆ ನಿಲ್ಲಿಸಿದರು.

ಹತ್ತನೇ ಮಹಡಿ: ಸರ್, ತೊಳೆಯುವ ಆ ಮನುಷ್ಯನ ಶ್ವಾಸಕೋಶದ ಬಗ್ಗೆ ಯೋಚಿಸಿದ್ದೀರಾ? ಮಾಸ್ಕಾದರೂ ಕೊಡುತ್ತೀರಾ? ಒಣಗಿದ್ದನ್ನು ಗುಡಿಸಬಾರದು, ನೀರು ಚಿಮುಕಿಸಿ ನೆನೆಸಿ ತೆಗೆಯಬೇಕು. 2025ರ ಜುಲೈನಲ್ಲಿ ಮುಂಬೈಯಲ್ಲಿ ಪಾರಿವಾಳಕ್ಕೆ ಕಾಳು ಹಾಕುವ 51 ಕಬೂತರ್‌ಖಾನೆಗಳನ್ನು ಮುಚ್ಚಿ ಅಂತ ಮಹಾರಾಷ್ಟ್ರ ಸರ್ಕಾರ ಹೇಳಿದ್ದು ಸುಮ್ನೆ ಅಲ್ಲ.

ಐದು ಕೆಜಿ ಜೋಳ: ಮುಚ್ಚಿದಾಗ ಮುಂಬೈಯ ದಾದರಿನಲ್ಲಿ ಜನ ಬೀದಿಗೆ ಬಂದಿದ್ದನ್ನೂ ಹೇಳಿ. ಹೊಟ್ಟೆಗಿಲ್ಲದ ಹಕ್ಕಿ ಕಂಡರೆ ಕರುಳು ಚುರುಕ್ ಅನ್ನುವವರು ಇನ್ನೂ ಇದ್ದಾರೆ.

ಬಿಸಿಲೂರು ಕಲಬುರಗಿ: ಕಾಳಿನ ಜಗಳ ಬಿಡಿ, ನೀರಿನ ಮಾತಾಡೋಣ. ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಮೊದಲ ವರ್ಷ ಕಪ್ಪು ಪ್ಲಾಸ್ಟಿಕ್ ಟಬ್ ಇಟ್ಟಿದ್ದೆ. ಮಧ್ಯಾಹ್ನ ಬೆರಳು ಅದ್ದಿದರೆ ಸುಡುತ್ತಿತ್ತು. ಒಂದು ಅಳಿಲುಮರಿ ಅದರಲ್ಲಿ ಬಿದ್ದು ಹತ್ತಲಾಗದೆ ಸತ್ತಿತ್ತು, ಅಂಚು ನುಣುಪು, ಕಾಲಿಗೆ ಹಿಡಿತವಿಲ್ಲ. ಅವತ್ತು ನಾನು ಊಟ ಮಾಡಲಿಲ್ಲ. ಈಗ ಕುಂಬಾರರ ಹತ್ತಿರ ತಂದ ಅಗಲದ ಮಣ್ಣಿನ ತಟ್ಟೆ, 80 ರೂಪಾಯಿ, ಬೇವಿನ ನೆರಳಲ್ಲಿ. ನೀರು ಎರಡು ಇಂಚು ಮಾತ್ರ, ನಡುವೆ ಒರಟು ಕಲ್ಲು. ಪಿಕಳಾರ ಬಂದರೆ ಮೊದಲು ಕಲ್ಲಿನ ಮೇಲೆ ಕೂತು ಸುತ್ತ ನೋಡುತ್ತದೆ, ಎದೆ ಅದ್ದುತ್ತದೆ, ಆಮೇಲೆ ರೆಕ್ಕೆ ಬಡಿದು ಅರ್ಧ ನೀರು ಹೊರಗೆ ಚೆಲ್ಲುತ್ತದೆ. ಈ ಬೇಸಿಗೆಯಲ್ಲಿ ನಾಲ್ಕು ತಟ್ಟೆ ಒಡೆದವು. ಎರಡು ಬೆಕ್ಕಿನಿಂದ, ಒಂದು ಮಂಗ, ಒಂದು ನಾನೇ.

ಡೆಂಗಿ ಕಂಡವಳು: ತಟ್ಟೆ ಇಡುವವರೇ, ದಯವಿಟ್ಟು ಉಜ್ಜಿ! ನೀರು ಚೆಲ್ಲಿ ಹೊಸದು ಹಾಕಿದರೆ ಸಾಲದು. ಡೆಂಗಿ ಸೊಳ್ಳೆಯ ಮೊಟ್ಟೆ ಪಾತ್ರೆಯ ಒಳಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ, ನೀರು ತಾಗಿದ ಕೂಡಲೇ ಮರಿ. ನನ್ನ ಮಗನಿಗೆ ಪ್ಲೇಟ್ಲೆಟ್ 22,000ಕ್ಕೆ ಇಳಿದಿತ್ತು. ಐದು ದಿನ ಆಸ್ಪತ್ರೆ, 68,000 ಬಿಲ್. ಪಕ್ಕದ ಖಾಲಿ ಮನೆಯ ಟೆರೇಸಿನಲ್ಲಿ ಯಾರೋ ಇಟ್ಟು ಮರೆತ ಹಕ್ಕಿ ತಟ್ಟೆಯಲ್ಲಿ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ಊರಿಗೆ ಹೋಗುವಾಗ ತಟ್ಟೆ ಬೋರಲು ಹಾಕಿ ಹೋಗಿ.

ಬಿಸಿಲೂರು ಕಲಬುರಗಿ: ನಾನು ದಿನಾ ತೆಂಗಿನ ನಾರಲ್ಲಿ ಉಜ್ಜುತ್ತೇನೆ ಮೇಡಂ. ಯಾರೋ ಮರೆತದ್ದಕ್ಕೆ ನಮ್ಮ ಮೇಲೆ ಯಾಕೆ ಸಿಟ್ಟು?

ಗುಬ್ಬಿಗೂಡು: ನನ್ನದು ಮೈಸೂರು. ಗುಬ್ಬಿಗೆ ಅಂತ ನಾಲ್ಕು ಮರದ ಗೂಡು ತಂದೆ, ಒಂದಕ್ಕೆ 450. ಮೊದಲ ವರ್ಷ ಗೊರವಂಕ ನುಗ್ಗಿ ಗುಬ್ಬಿಯ ಮೊಟ್ಟೆ ಕೆಳಗೆ ಬೀಳಿಸಿತು, ತೂತು ದೊಡ್ಡದಿತ್ತು. 32 ಮಿಲಿಮೀಟರ್ ಸಾಕು, ಬಡಗಿ ಹತ್ತಿರ ಹಲಗೆ ಹೊಡೆಸಿ ತೂತು ಕಿರಿದು ಮಾಡಿಸಿದೆ. ಎರಡನೇ ವರ್ಷ ಬಂದವು, ಮರಿ ಮಾಡಿದವು, ಮರಿಗಳು ಸತ್ತವು. ನುಚ್ಚಕ್ಕಿ ರಾಶಿ ಇತ್ತು, ಆದರೆ ಎಳೆಮರಿಗೆ ಬೇಕಾಗಿದ್ದು ಹುಳ. ದಾಸವಾಳಕ್ಕೆ ಔಷಧಿ ಹೊಡೆದು ಹುಳ ಸಾಯಿಸಿದವನು ನಾನೇ. ಅದನ್ನು ನಿಲ್ಲಿಸಿ ಮೂರು ವರ್ಷವಾಯಿತು. ಗಿಡದ ಎಲೆಯೆಲ್ಲ ತೂತು, ಮನೆಯವಳು ಬೈಯುತ್ತಾಳೆ, ಆದರೆ ಈ ಸಲ ಒಂದು ಗೂಡಿನಿಂದ ಮೂರು ಮರಿ ಹಾರಿದವು. ಪಾರಿವಾಳಕ್ಕೆ ಕೆಜಿಗಟ್ಟಲೆ ಸುರಿಯುವವರು ಈ ಒಂದು ಗೂಡಿನ ಕಷ್ಟ ನೋಡಬೇಕು.

ಐದು ಕೆಜಿ ಜೋಳ: ಪಾರಿವಾಳ ಹಕ್ಕಿಯಲ್ವಾ? ಗುಬ್ಬಿಗೊಂದು ನ್ಯಾಯ, ಇದಕ್ಕೊಂದು ನ್ಯಾಯ?

ಕತ್ತರಿ ಹಿಡಿದವನು: ಬಲೆ ಕಟ್ಟಿಸಿದವರಿಗೆ ಒಂದು ಮಾತು. ನಮ್ಮೆದುರು ಬ್ಲಾಕಿನ ಬಲೆ ಸಡಿಲವಾಗಿತ್ತು. ಗೊರವಂಕದ ಕಾಲು ಸಿಕ್ಕಿ ಬೆಳಗಿನಿಂದ ತಲೆಕೆಳಗಾಗಿ ನೇತಾಡಿತು. ಮನೆಯವರು ಊರಲ್ಲಿರಲಿಲ್ಲ, ಕೀಲಿ ಸಿಕ್ಕಿದ್ದು ಸಂಜೆ ನಾಲ್ಕಕ್ಕೆ. ಬಲೆ ಕತ್ತರಿಸಿ ಕೈಗೆ ತಗೊಂಡಾಗ ಜೀವವಿತ್ತು. ದಾರ ಮೂಳೆತನಕ ಇಳಿದಿತ್ತು. ರಾತ್ರಿ ಪ್ರಾಣ ಹೋಯಿತು.

ಹತ್ತನೇ ಮಹಡಿ: ನಮ್ಮದು ಬಿಗಿಯಾಗಿದೆ, ತಿಂಗಳಿಗೊಮ್ಮೆ ನೋಡುತ್ತೇನೆ. ಅಮ್ಮನನ್ನು ಬಿಟ್ಟು ಬಲೆ ಬಿಚ್ಚಲೇ?

ಕತ್ತರಿ ಹಿಡಿದವನು: ಬಿಚ್ಚಿ ಅಂದೆನಾ? ಬಿಗಿಯಾಗಿ ಕಟ್ಟಿಸಿ ಅಂದೆ.

ಹೊಂಗೆಮರದೆದುರು: ಕಾಳು ಬೇಡ, ಬರೀ ನೀರು ಅಂತ ಮಗಳನ್ನು ಒಪ್ಪಿಸಿದ್ದೇನೆ. ಗ್ರಿಲ್ಲಿಗೆ ಕಟ್ಟಲಾ, ನೆಲದ ಮೇಲಾ? ಚೆಲ್ಲಿದರೆ ಓನರ್ ಕಿಟಕಿಗೆ ಬೀಳುತ್ತದೆ.

ಟ್ಯಾಂಕರ್ ವರ್ಷ: ಓನರ್ ಅಂದಿರಲ್ಲ, ಕೇಳಿ. 2024ರ ಮಾರ್ಚಿನಲ್ಲಿ ನಮ್ಮ ಬೋರು ಬತ್ತಿತ್ತು, ಟ್ಯಾಂಕರಿಗೆ 2,000 ಕೊಡುತ್ತಿದ್ದೆವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ದಂಡ ಅಂತ ಬೆಂಗಳೂರು ಜಲಮಂಡಳಿ ಹೇಳಿದ್ದ ಸಮಯ. ಆಗ ನಮ್ಮ ಓನರ್ ಬಂದು, ಹಕ್ಕಿಗೆ ನೀರಿಡೋದು ನಿಲ್ಲಿಸಿ ಅಂದರು. ಒಂದು ಲೀಟರಿಗೆ! ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಿ, ಗಿಡಕ್ಕೆ ಇಟ್ಟಿದ್ದ ನೀರನ್ನು ಹಕ್ಕಿಗೆ ಕೊಟ್ಟೆ. ಆಮೇಲೂ ಮಾತಾಡಿದರು. ಮನೆಯನ್ನೇ ಬಿಟ್ಟೆವು, ಅಡ್ವಾನ್ಸಿನಲ್ಲಿ 15,000 ಹಿಡಿದರು.

ಐದು ಕೆಜಿ ಜೋಳ: ಹತ್ತನೇ ಮಹಡಿಯವರೇ, ನಾಳೆ ತೊಳೆಯುವವನಿಗೆ ಮಾಸ್ಕ್ ತಂದುಕೊಡುತ್ತೇನೆ. ಕಾಳು ನಿಲ್ಲಿಸಲ್ಲ.

ಹತ್ತನೇ ಮಹಡಿ: ಸರ್ಜಿಕಲ್ ಮಾಸ್ಕ್ ಅಲ್ಲ, ಎನ್95 ತನ್ನಿ. ನೆನೆಸಿ ತೆಗೆಯಲು ಹೇಳಿ.