12 ಡಿಸ್ಕ್‌ನ ಅರೇ: ಎಲ್ಲಕ್ಕೂ ಒಂದೇ ವಾಲ್ಯೂಮ್ ಸಾಕೇ?

ಬಿಟ್‌ಬುಟ್ಟಿ:
ಎರಡು ಕಂಟ್ರೋಲರ್‌ನ ಅರೇ (ಹಲವು ಡಿಸ್ಕ್ ಒಟ್ಟುಗೂಡಿಸುವ ಸ್ಟೋರೇಜ್ ಪೆಟ್ಟಿಗೆ), 8 ಟಿಬಿಯ 7200 ಆರ್‌ಪಿಎಂ ಡಿಸ್ಕ್ 12, ಐಸ್ಕಸಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಬಳಸುವ ವಿಧಾನ) 10 ಗಿಗಾಬಿಟ್, ಎರಡು ಲಿನಕ್ಸ್ ಹೋಸ್ಟ್ (ಸರ್ವರ್). ಡೇಟಾಬೇಸ್‌ಗೆ 3 ಟಿಬಿ, ವಿಎಂಗಳಿಗೆ (ವರ್ಚುವಲ್ ಮಷೀನ್) 8, ಹಳೇ ಫೈಲ್‌ಗಳಿಗೆ 15 ಬೇಕು. ಸದ್ಯ 11 ಡಿಸ್ಕ್ ರೇಡ್ 6ರಲ್ಲಿವೆ (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ), ಒಂದು ಹಾಟ್ ಸ್ಪೇರ್ (ಡಿಸ್ಕ್ ಕೆಟ್ಟಾಗ ತಾನೇ ಸೇರಿಕೊಳ್ಳುವ ಬದಲಿ). 72 ಟಿಬಿ ಬರಬೇಕಿತ್ತು, ಹೋಸ್ಟ್‌ನಲ್ಲಿ 65.5 ಕಾಣುತ್ತಿದೆ. ಒಂದೇ ವಾಲ್ಯೂಮ್ (ಅರೇ ಹೋಸ್ಟ್‌ಗೆ ಒಂದು ಡಿಸ್ಕ್‌ನಂತೆ ತೋರಿಸುವ ಜಾಗ) ಲಿನಕ್ಸ್‌ನಲ್ಲಿ ಎಸ್‌ಡಿಬಿಯಿಂದ ಎಸ್‌ಡಿಇವರೆಗೆ ನಾಲ್ಕು ಸಲ ಬಂದಿದೆ. ಡೇಟಾ ಇನ್ನೂ ಹಾಕಿಲ್ಲ. ಎಲ್ಲವನ್ನೂ ಇದರಲ್ಲೇ ಇಟ್ಟು, ಮಿಕ್ಕ ಜಾಗ ಬ್ಯಾಕಪ್‌ಗೆ ಬಿಡಬಹುದಾ?

ಪ್ಯಾರಿಟಿಪುರಾಣ:
ಜಾಗ ಎಲ್ಲೂ ಹೋಗಿಲ್ಲ. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಹೋಸ್ಟ್ 1024ರ ಲೆಕ್ಕದಲ್ಲಿ. 72 ಟಿಬಿ ಎಂದರೆ 65.5 ಟೆಬಿಬೈಟ್.

ಡೇಟಾ ಹಾಕಿಲ್ಲವಲ್ಲ, ಈಗಲೇ ಕೆಡವಿ ಬೇರೆ ರೀತಿ ಕಟ್ಟಿ. ಇಲ್ಲಿ ಕೊರತೆ ಜಾಗದ್ದಲ್ಲ, ಐಒಪಿಎಸ್‌ನದ್ದು (ಸೆಕೆಂಡಿಗೆ ಎಷ್ಟು ಓದು-ಬರಹ ಎಂಬ ಲೆಕ್ಕ). ಇಂಥ ಡಿಸ್ಕ್ ಒಂದಕ್ಕೆ ಸುಮಾರು 75 ಐಒಪಿಎಸ್ ಹಿಡಿಯಿರಿ. ರೇಡ್ 6ರಲ್ಲಿ ಒಂದು ಸಣ್ಣ ರೈಟ್‌ಗೆ ಆರು ಡಿಸ್ಕ್ ಕೆಲಸ: ಡೇಟಾ ಮತ್ತು ಎರಡು ಪ್ಯಾರಿಟಿ (ಕಳೆದ ಡೇಟಾವನ್ನು ಮತ್ತೆ ಲೆಕ್ಕಹಾಕಲು ಇಡುವ ಮಾಹಿತಿ), ಮೂರನ್ನೂ ಓದಬೇಕು, ಮೂರನ್ನೂ ಬರೆಯಬೇಕು. ಹಾಗಾಗಿ 11 ಡಿಸ್ಕ್‌ನ 825ರಲ್ಲಿ ರ‍್ಯಾಂಡಮ್ ರೈಟ್‌ಗೆ ಸಿಗುವುದು ಸುಮಾರು 137. ಆರೇ ಡಿಸ್ಕ್‌ನ ರೇಡ್ 10ರಲ್ಲಿ (ಡೇಟಾದ ಎರಡು ಪ್ರತಿ ಇಡುವ ಜೋಡಣೆ) 450ನ್ನು ಎರಡರಿಂದ ಭಾಗಿಸಿದರೆ 225! ಕಂಟ್ರೋಲರ್ ಕ್ಯಾಶ್ ಸ್ವಲ್ಪ ಹೊತ್ತಿನ ಹೊರೆ ತಡೆಯುತ್ತದೆ, ದಿನವಿಡೀ ಸುರಿಯುವ ರೈಟ್‌ಗಳನ್ನಲ್ಲ. ಕ್ಯಾಶ್ ಬ್ಯಾಟರಿ ಕೆಟ್ಟರೆ ಸಾಮಾನ್ಯವಾಗಿ ಅರೇ ತಾನೇ ರೈಟ್-ಥ್ರೂಗೆ (ಪ್ರತಿ ರೈಟ್ ಡಿಸ್ಕ್ ಮುಟ್ಟುವವರೆಗೆ ಕಾಯುವ ರೀತಿ) ಇಳಿಯುತ್ತದೆ. "ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ನಿಧಾನ" ಅಂದರೆ ಮೊದಲು ನೋಡಬೇಕಾದ್ದು ಅದನ್ನೇ.

ನಾನಾದರೆ ಹೀಗೆ ಮಾಡುವೆ: 6 ಡಿಸ್ಕ್ ರೇಡ್ 10, ಅದರಲ್ಲಿ ಡೇಟಾಬೇಸ್‌ಗೊಂದು, ವಿಎಂಗೊಂದು ವಾಲ್ಯೂಮ್. 5 ಡಿಸ್ಕ್ ರೇಡ್ 6, ಅದು ಹಳೇ ಫೈಲ್‌ಗೆ. ಒಂದು ಸ್ಪೇರ್. ಎರಡೂ ಕಡೆ ತಲಾ 24 ಟಿಬಿ ಬರುತ್ತದೆ. ಜಾಗ ಉಳಿಯುತ್ತದೆಂದು ರೇಡ್ 5ಕ್ಕೆ (ಒಂದೇ ಪ್ಯಾರಿಟಿ) ಹೋಗಬೇಡಿ. 8 ಟಿಬಿ ಡಿಸ್ಕ್‌ನ ರೀಬಿಲ್ಡ್ (ಕೆಟ್ಟ ಡಿಸ್ಕ್‌ನ ಡೇಟಾವನ್ನು ಬದಲಿಯಲ್ಲಿ ಮತ್ತೆ ಕಟ್ಟುವುದು) ಸೆಕೆಂಡಿಗೆ 100 ಎಂಬಿ ವೇಗದಲ್ಲಿ ನಡೆದರೂ 22 ಗಂಟೆ, ಬಳಕೆ ಇದ್ದಾಗ ಇನ್ನೂ ಹೆಚ್ಚು. ಅಷ್ಟು ಹೊತ್ತಿನಲ್ಲಿ ಇನ್ನೊಂದು ಡಿಸ್ಕ್ ಹೋದರೆ ಎಲ್ಲವೂ ಹೋಯಿತು.

ಬ್ಯಾಕಪ್ ಇದೇ ಅರೇಯಲ್ಲಿ ಬೇಡವೇ ಬೇಡ. ಸ್ನ್ಯಾಪ್‌ಶಾಟ್ (ವಾಲ್ಯೂಮ್‌ನ ಒಂದು ಕ್ಷಣದ ಚಿತ್ರ) ಕೂಡ ಬ್ಯಾಕಪ್ ಅಲ್ಲ, ಮೂಲ ವಾಲ್ಯೂಮ್ ಇರುವ ಪೂಲ್ (ಡಿಸ್ಕ್‌ಗಳ ಗುಂಪು) ಹೋದರೆ ಅದೂ ಹೋಗುತ್ತದೆ.

ಎರಡನೇಪಾತ್:
ನಾಲ್ಕು ಸಲ ಕಾಣುವುದು ತಪ್ಪಲ್ಲ. ಹೋಸ್ಟ್‌ನ ಎರಡು ಪೋರ್ಟ್, ಒಂದೊಂದರಿಂದಲೂ ಎರಡು ಕಂಟ್ರೋಲರ್‌ಗೆ ದಾರಿ, ಅಲ್ಲಿಗೆ ನಾಲ್ಕು. ಎಸ್‌ಡಿಬಿಯನ್ನು ನೇರವಾಗಿ ಫಾರ್ಮ್ಯಾಟ್ ಮಾಡಬೇಡಿ. ಮೊದಲು ಮಲ್ಟಿಪಾತ್ ಡೀಮನ್ (ಹಲವು ದಾರಿಗಳನ್ನು ಒಂದೇ ಸಾಧನವಾಗಿ ತೋರಿಸುವ ಹಿನ್ನೆಲೆ ಪ್ರೋಗ್ರಾಂ) ಆನ್ ಮಾಡಿ, 'ಮಲ್ಟಿಪಾತ್ -ಎಲ್‌ಎಲ್' ನೋಡಿ. ಅಲುವಾ (ಯಾವ ದಾರಿ ಉತ್ತಮ ಎಂದು ಅರೇ ಹೋಸ್ಟ್‌ಗೆ ತಿಳಿಸುವ ವ್ಯವಸ್ಥೆ) ಸರಿಯಿದ್ದರೆ ವಾಲ್ಯೂಮ್‌ನ ಒಡೆತನವಿರುವ ಕಂಟ್ರೋಲರ್‌ನ ಎರಡು ದಾರಿಗೆ 50, ಇನ್ನೆರಡಕ್ಕೆ 10 ಆದ್ಯತೆ ಇರಬೇಕು. ಆಮೇಲೆ ಹೀಗೆ ಒಂದಾದ ಎಂಪಾತ್ ಸಾಧನದ ಮೇಲೆ ಮಾತ್ರ ಎಲ್‌ವಿಎಂ (ಲಿನಕ್ಸ್‌ನ ವಾಲ್ಯೂಮ್ ನಿರ್ವಾಹಕ) ಕಟ್ಟಿ.

ಎರಡು ಪೋರ್ಟ್‌ಗೂ ಬೇರೆ ಬೇರೆ ಸಬ್‌ನೆಟ್ ಕೊಡಿ, ಬಾಂಡಿಂಗ್ (ಎರಡನ್ನೂ ಒಂದೇ ಪೋರ್ಟ್‌ನಂತೆ ಜೋಡಿಸುವುದು) ಬೇಡ. ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಇಟ್ಟರೆ ಹೋಸ್ಟ್, ಸ್ವಿಚ್, ಅರೇ ಮೂರರಲ್ಲೂ ಹೊಂದಬೇಕು. ಪರೀಕ್ಷಿಸಲು ಪ್ಯಾಕೆಟ್ ಒಡೆಯದಂತೆ 8972 ಬೈಟ್‌ನ ಪಿಂಗ್ ಕಳಿಸಿ (28 ಬೈಟ್ ಹೆಡರ್‌ಗೆ ಹೋಗುತ್ತದೆ). ಲಾಗಿನ್ ಆಗುತ್ತದೆ, ಆದರೆ ದೊಡ್ಡ ಕಾಪಿ ಶುರುವಾದ ಕೂಡಲೇ ನಿಲ್ಲುತ್ತದೆ ಅಂದರೆ ಅನುಮಾನ ಇಲ್ಲೇ ಇರಲಿ.

ಡೇಟಾ ಬರುವ ಮೊದಲು, ರೈಟ್ ನಡೆಯುತ್ತಿರುವಾಗ ಒಂದು ಕೇಬಲ್ ಕಿತ್ತು ನೋಡಿ. ಎರಡು ನಿಮಿಷ ಸ್ತಬ್ಧವಾದರೆ ಇನಿಶಿಯೇಟರ್‌ನ (ಹೋಸ್ಟ್ ಕಡೆಯ ಐಸ್ಕಸಿ ಸಾಫ್ಟ್‌ವೇರ್) ರಿಪ್ಲೇಸ್‌ಮೆಂಟ್ ಟೈಮ್‌ಔಟ್, ಅಂದರೆ ಕಡಿದ ದಾರಿಗಾಗಿ ಕಾಯುವ ಸಮಯ, 120 ಸೆಕೆಂಡ್‌ನಲ್ಲೇ ಇದೆ. ಮಲ್ಟಿಪಾತ್ ಇರುವಲ್ಲಿ 5ರಿಂದ 15 ಸಾಕು.

ಇನ್ನೊಂದು: ಡೇಟಾಬೇಸ್ ವಾಲ್ಯೂಮನ್ನು ಅದರ ಹೋಸ್ಟ್‌ಗೆ ಮಾತ್ರ ಮ್ಯಾಪ್ ಮಾಡಿ. ಎಕ್ಸ್‌ಎಫ್‌ಎಸ್ ಆಗಲಿ ಇಎಕ್ಸ್‌ಟಿ4 ಆಗಲಿ ಎರಡು ಹೋಸ್ಟ್‌ನಲ್ಲಿ ಒಟ್ಟಿಗೆ ಮೌಂಟ್ ಆದರೆ ಫೈಲ್‌ಸಿಸ್ಟಂ ಹಾಳಾಗುವುದು ಖಂಡಿತ. ವಿಎಂ ವಾಲ್ಯೂಮ್ ಎರಡಕ್ಕೂ ಬೇಕೆಂದರೆ ಕ್ಲಸ್ಟರ್ ಫೈಲ್‌ಸಿಸ್ಟಂ (ಹಲವು ಹೋಸ್ಟ್ ಒಟ್ಟಿಗೆ ಬಳಸಬಲ್ಲದ್ದು) ಅಥವಾ ಕ್ಲಸ್ಟರ್‌ಗೆ ಹೊಂದುವ ಎಲ್‌ವಿಎಂ ಬೇಕು.

ಬಿಟ್‌ಬುಟ್ಟಿ:
ಧನ್ಯವಾದ ಇಬ್ಬರಿಗೂ. 6+5+1 ಮಾಡುತ್ತೇನೆ. ವಾಲ್ಯೂಮ್‌ಗಳು ಥಿನ್ (ಬರೆದಂತೆಲ್ಲ ಜಾಗ ಪಡೆಯುವುದು) ಇರಲಾ, ಥಿಕ್ಕಾ (ಪೂರ್ತಿ ಜಾಗ ಮೊದಲೇ ಕಾದಿರಿಸುವುದು)?

ಪ್ಯಾರಿಟಿಪುರಾಣ:
ಡೇಟಾಬೇಸ್‌ಗೆ ಥಿಕ್. ವಿಎಂಗೆ ಥಿನ್ ಆಗಬಹುದು, ಆದರೆ ಪೂಲ್ 70 ಮತ್ತು 85 ಶೇಕಡಾ ದಾಟಿದಾಗ ಎಚ್ಚರಿಕೆ ಮೇಲ್ ಬರಲೇಬೇಕು. ಪೂಲ್ ತುಂಬಿದರೆ ಅದರಲ್ಲಿನ ಎಲ್ಲ ಥಿನ್ ವಾಲ್ಯೂಮ್‌ಗಳಿಗೂ ಹೊಸ ರೈಟ್ ನಿಲ್ಲುತ್ತದೆ, ಹೋಸ್ಟ್ ಮಾತ್ರ ಜಾಗ ಖಾಲಿಯಿದೆ ಎಂದೇ ತೋರಿಸುತ್ತಿರುತ್ತದೆ. ಫೈಲ್ ಅಳಿಸಿದರೂ ಅರೇಗೆ ತಿಳಿಯುವುದಿಲ್ಲ. ಖಾಲಿಯಾದ ಜಾಗವನ್ನು ಅರೇಗೆ ತಿಳಿಸುವ ಎಫ್‌ಎಸ್‌ಟ್ರಿಮ್ ಆದೇಶವನ್ನು ವಾರಕ್ಕೊಮ್ಮೆ ಓಡಿಸಿ.

ಎರಡನೇಪಾತ್:
ಮೊದಲಿಗೆ ಚಿಕ್ಕದಾಗಿಯೇ ಮಾಡಿ. ಹಿಗ್ಗಿಸುವುದು ಸುಲಭ: ಅರೇಯಲ್ಲಿ ಗಾತ್ರ ಹೆಚ್ಚಿಸಿ, ನಾಲ್ಕೂ ದಾರಿ ರೀಸ್ಕ್ಯಾನ್ ಮಾಡಿ, ಮಲ್ಟಿಪಾತ್ ಮ್ಯಾಪ್ ರೀಸೈಜ್, ಪಿವಿರೀಸೈಜ್, ಎಲ್‌ವಿಎಕ್ಸ್‌ಟೆಂಡ್ (ಎರಡೂ ಎಲ್‌ವಿಎಂ ಹಿಗ್ಗಿಸುವ ಆದೇಶ), ಕೊನೆಗೆ ಫೈಲ್‌ಸಿಸ್ಟಂ ಹಿಗ್ಗಿಸಲು ಎಕ್ಸ್‌ಎಫ್‌ಎಸ್ ಗ್ರೋ. ಒಂದು ದಾರಿಯ ರೀಸ್ಕ್ಯಾನ್ ಬಿಟ್ಟುಹೋದರೂ ಮ್ಯಾಪ್ ರೀಸೈಜ್ ಆಗುವುದಿಲ್ಲ. ಎಕ್ಸ್‌ಎಫ್‌ಎಸ್ ಅನ್ನು ಮತ್ತೆ ಕುಗ್ಗಿಸಲು ದಾರಿಯಿಲ್ಲ ಎನ್ನಬಹುದು. ಡೇಟಾ ಬೇರೆಡೆಗೆ ಸಾಗಿಸಿ ಹೊಸದಾಗಿ ಮಾಡಬೇಕು.